ಗಾಜಿನಾಚೆಯ ಮುನಿರಾಜು

ಬಿಸಿಯಾದ ರಟ್ಟಿನ ವಾಸನೆಗೆ ಹೊಂಗೆ ಹೂವಿನ ವಾಸನೆ ಬೆರೆತರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಹೋದ ವಾರ ಬೇರೆ ಯಾವುದೋ ಕೆಲಸಕ್ಕೆ ಅನುಗೊಂಡನಹಳ್ಳಿ ಕಡೆ ಹೋಗಿದ್ದೆ. ಜೀಪಿನ ಕಿಟಕಿ ತೆರೆದಿತ್ತು. ಆ ವಾಸನೆ ಮೊದಲು ಬಂತು, ಗೋದಾಮು ಆಮೇಲೆ ಕಾಣಿಸಿತು. ಬೋರ್ಡು ಬದಲಾಗಿದೆ, ಈಗ ಯಾರೋ ಟೈಲ್ಸ್ ವ್ಯಾಪಾರದವರು ಇದ್ದಾರೆ. ಗೇಟಿನ ಪಕ್ಕದ ಹೊಂಗೆ ಮರ ಮಾತ್ರ ಹಾಗೇ ಇದೆ. ಬಿದ್ದ ಹೂವನ್ನೆಲ್ಲ ಗುಡಿಸಿ ಬುಡದಲ್ಲಿ ಗುಡ್ಡೆ ಹಾಕಿದ್ದರು. ಡ್ರೈವರ್ ವೇಗ ಕಡಿಮೆ ಮಾಡಿ ನನ್ನ ಮುಖ ನೋಡಿದ. ಮುಂದಕ್ಕೆ ಹೋಗು ಎಂದೆ. ಆ ಮರದ ಕೆಳಗೆ ಯಾರೂ ನಿಂತಿರಲಿಲ್ಲ, ಆದರೂ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ನಾನು ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಸಹಾಯಕ ಆಯುಕ್ತ. ಹಲವು ರಾಜ್ಯಗಳಲ್ಲಿ ವ್ಯಾಪಾರ ಮಾಡುವ ದೊಡ್ಡ ಕಂಪನಿಗಳ ಲೆಕ್ಕ ತಪಾಸಣೆಗೆ ಹೋಗುವ ಆಡಿಟರ್‌ಗಳ ಒಂದು ಸಣ್ಣ ತಂಡಕ್ಕೆ ಮೇಲ್ವಿಚಾರಕ. ಇದು ಕೇಳುವುದಕ್ಕೆ ದೊಡ್ಡದಾಗಿದೆ, ಆದರೆ ಆ ಗೋದಾಮಿಗೆ ತಪಾಸಣೆಗೆ ಹೋದ ಬೇಸಿಗೆಯಲ್ಲಿ ನನ್ನ ಪ್ರೊಬೇಷನ್ ಕೂಡ ಮುಗಿದಿರಲಿಲ್ಲ. ಕೋಚಿಂಗಿಗೆ ಹೋದವನಲ್ಲ, ತಾಲ್ಲೂಕು ಗ್ರಂಥಾಲಯದಲ್ಲಿ ಕೂತು ಪರೀಕ್ಷೆ ಪಾಸು ಮಾಡಿದವನು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನೂ ಯಾರೂ ಕಲಿಸಿದ್ದಲ್ಲ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತೆ. ಹೊಸದೊಂದು ವಿದ್ಯೆ ಕಣ್ಣಿಗೆ ಬಿದ್ದರೆ ಅದು ಕೈಗೆ ಹತ್ತುವ ತನಕ ನನಗೆ ನಿದ್ದೆ ಬರುವುದಿಲ್ಲ. ಈ ಚಾಳಿಯನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬರುತ್ತದೆ.

ತಂಡದಲ್ಲಿ ಇದ್ದವರು ಇಬ್ಬರು, ಇಬ್ಬರೂ ನನಗಿಂತ ದೊಡ್ಡವರು. ನೆಲಮಂಗಲದ ನಟರಾಜು ತೆರಿಗೆ ಇನ್‌ಸ್ಪೆಕ್ಟರ್, ಬಾಯಿ ತೆರೆದರೆ ತಮಾಷೆ. ಇನ್ನೊಬ್ಬರು ತೆರಿಗೆ ಅಧಿಕಾರಿ ಸರೋಜಮ್ಮ, ದೊಡ್ಡಬಳ್ಳಾಪುರದ ನೇಯ್ಗೆಯ ಮನೆತನದವರು, ಇನ್ನೇನು ನಿವೃತ್ತಿಯ ಹೊಸ್ತಿಲಲ್ಲಿ ಇದ್ದರು. ನನ್ನನ್ನು ನಿಯಮದ ಪ್ರಕಾರ ಸರ್ ಎನ್ನುತ್ತಿದ್ದರು. ಆದರೆ ಅದರ ಹಿಂದೆ ಒಂದು ಅಪ್ಪಾ ಸೇರಿಸದೆ ಬಿಡುತ್ತಿರಲಿಲ್ಲ. 'ಸರಿಯಾಗಿ ಊಟ ಮಾಡಿ ಸರ್, ಅಪ್ಪಾ, ಹಿಂಗೆ ಗಾಳಿಗೆ ಹಾರೋಗ್ತೀರ' ಎನ್ನುವ ಧಾಟಿ.

ತಪಾಸಣೆಗೆ ಬಂದ ಕಂಪನಿ ಫ್ರಿಜ್ಜು, ವಾಷಿಂಗ್ ಮೆಷಿನ್ ಮಾರುವಂಥದು. ಹೆಸರು ಬೇಡ. ಕಾನೂನಿನಲ್ಲಿ ಒಂದು ವಿಚಿತ್ರವಿದೆ. ಒಂದೇ ಕಂಪನಿ ಕರ್ನಾಟಕದಲ್ಲಿ ಒಬ್ಬ ವ್ಯಕ್ತಿ, ತಮಿಳುನಾಡಿನಲ್ಲಿ ಬೇರೆ ವ್ಯಕ್ತಿ, ಆಂಧ್ರದಲ್ಲಿ ಮತ್ತೊಬ್ಬ ವ್ಯಕ್ತಿ. ಹೊಸೂರಿನ ಗೋದಾಮಿನಿಂದ ಅನುಗೊಂಡನಹಳ್ಳಿಯ ಗೋದಾಮಿಗೆ ಅವರದೇ ಸರಕು ಬಂದರೂ ಒಬ್ಬರು ಇನ್ನೊಬ್ಬರಿಗೆ ಮಾರಿದ ಹಾಗೆ ಲೆಕ್ಕ. ನನ್ನ ಅಧಿಕಾರ ಇಲ್ಲಿಯ ವ್ಯಕ್ತಿಯ ಮೇಲೆ ಮಾತ್ರ. ಗಡಿ ದಾಟಿದರೆ ಅದೇ ಕಂಪನಿ ನನಗೆ ಅಪರಿಚಿತ. ಓದುವಾಗ ಇದು ನನಗೆ ಬಹಳ ಚಂದದ ವಿಷಯ ಅನ್ನಿಸಿತ್ತು, ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಗೋದಾಮಿನೊಳಗೆ ನಮಗೊಂದು ಕೋಣೆ ಕೊಟ್ಟರು. ಅದಕ್ಕೆ ಎದುರಾಗಿ, ಸರಕು ಸಾಗುವ ಹಾದಿಯ ಆಚೆ, ಗೋದಾಮಿನ ಉಸ್ತುವಾರಿ ಮುನಿರಾಜು ಅವರ ಕೋಣೆ. ಎರಡಕ್ಕೂ ಗಾಜಿನ ಗೋಡೆ. ಅವರಿಗೆ ನಾವು ಕಾಣುತ್ತಿದ್ದೆವು, ನಮಗೆ ಅವರು ಕಾಣುತ್ತಿದ್ದರು, ಮಾತು ಮಾತ್ರ ಕೇಳುತ್ತಿರಲಿಲ್ಲ. ಮೇಲೆ ತಗಡಿನ ಮಾಡು. ಹತ್ತು ಗಂಟೆಗೇ ಕಾದು ಚಟಚಟ ಎನ್ನುತ್ತಿತ್ತು. ಹಗಲೆಲ್ಲ ಫೋರ್ಕ್‌ಲಿಫ್ಟಿನ ಸದ್ದು. ಮಧ್ಯಾಹ್ನ ಬುತ್ತಿ ಹಿಡಿದು ಹೊರಗೆ ಹೊಂಗೆ ಮರದ ಕೆಳಗೆ ಕೂರುತ್ತಿದ್ದೆವು. ಪಾರ್ಟಿಯ ಮನೆಯ ನೀರನ್ನೂ ಮುಟ್ಟಬಾರದು ಎನ್ನುವುದು ಸರೋಜಮ್ಮನ ವ್ರತ. ಲೆಕ್ಕ ಕೊಡುವವರನ್ನು ಇಲಾಖೆಯಲ್ಲಿ ಪಾರ್ಟಿ ಎನ್ನುತ್ತೇವೆ. ಅವರು ಮನೆಯಿಂದ ನೀರಿನ ಕ್ಯಾನು, ಕಾಫಿಯ ಫ್ಲಾಸ್ಕು ಎಲ್ಲ ಹೊತ್ತು ತರುತ್ತಿದ್ದರು. ಅವರ ಚಿತ್ರಾನ್ನದ ಡಬ್ಬಿಯೊಳಗೆ ಮೇಲಿನಿಂದ ಹೂವು ಉದುರುತ್ತಿತ್ತು.

ಒಂದು ದಿನ ಫೋರ್ಕ್‌ಲಿಫ್ಟಿನ ಆಚೆಯಿಂದ ಮುನಿರಾಜು ನಮ್ಮತ್ತ ನೋಡಿ ಬಾಯಿ ಆಡಿಸಿದರು. ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ. ಕೇಳುವಂಥದ್ದೇ ಇರಲಿಲ್ಲ, ಅವರು ಧ್ವನಿಯನ್ನೇ ಹೊರಡಿಸಿರಲಿಲ್ಲ. ಸರೋಜಮ್ಮ ಇಲ್ಲಿಂದಲೇ ಬಾಯಿ ಆಡಿಸಿದರು, ಧ್ವನಿಯಿಲ್ಲದೆ. ಆಮೇಲೆ ಇಬ್ಬರೂ ನಕ್ಕರು. ನೀರು ಕೊಡಲಾ ಎಂದು ಅವರು ಕೇಳಿದ್ದಂತೆ, ಪಾರ್ಟಿ ನೀರು ನಮಗೆ ವಿಷ ಎಂದು ಇವರು ಹೇಳಿದ್ದಂತೆ.

'ಮೇಡಂಗೆ ಸೌಂಡ್ ಹೋಗಿದೆ ಗುರು, ರೀಚಾರ್ಜ್ ಮಾಡಿಸ್ಬೇಕು' ಎಂದರು ನಟರಾಜು.

ಇದು ಮಗ್ಗದ ಮನೆಯ ಮಾತು ಎಂದು ಸರೋಜಮ್ಮ ವಿವರಿಸಿದರು. ವಿದ್ಯುತ್ ಮಗ್ಗಗಳು ಸಾಲಾಗಿ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರು ಬಾಯಿ ನೋಡಿಯೇ ಮಾತಾಡುತ್ತಾರೆ. ಮೊದಲು ಕೈ ಬೀಸಿ ಗಮನ ಸೆಳೆಯಬೇಕು, ಆಮೇಲೆ ತುಟಿಯನ್ನು ಬಿಡಿಸಿ ಬಿಡಿಸಿ ಆಡಿಸಬೇಕು. ಮಾತು ಸಾಕು ಅನ್ನಿಸಿದರೆ ಮುಖ ತಿರುಗಿಸುವುದು, ಅಷ್ಟೇ, ಅಲ್ಲಿಗೆ ಮುಗಿಯಿತು. ಮುನಿರಾಜು ಮದುವೆಯಾಗಿ ಬೂದಿಗೆರೆಯಲ್ಲಿ ನೆಲೆಸಿದ್ದರೂ ಹುಡುಗುತನವೆಲ್ಲ ದೊಡ್ಡಬಳ್ಳಾಪುರದ ಸೋದರಮಾವನ ಮಗ್ಗದಲ್ಲೇ ಕಳೆದವರು. ಸರೋಜಮ್ಮ ಯಾರನ್ನಾದರೂ ಕರೆಯುವ ಮೊದಲು ಕೈ ಬೀಸುವುದನ್ನು ನೋಡಿಯೇ ಅವರಿಗೆ ಗುರುತು ಸಿಕ್ಕಿತ್ತು.

ನನಗೆ ಹುಚ್ಚು ಹಿಡಿಯುವುದಕ್ಕೆ ಇಷ್ಟು ಸಾಕಾಯಿತು. ಮನೆಗೆ ಹೋಗಿ ಟಿವಿಯ ಧ್ವನಿ ನಿಲ್ಲಿಸಿ ವಾರ್ತೆ ನೋಡುವುದಕ್ಕೆ ಶುರು ಮಾಡಿದೆ. ಕನ್ನಡಿಯ ಮುಂದೆ ನಿಂತು ನನ್ನ ಬಾಯನ್ನು ನಾನೇ ಓದುತ್ತಿದ್ದೆ. ಏನೂ ಹತ್ತಲಿಲ್ಲ. 'ಅದು ವಿಡಿಯೊ ನೋಡಿ ಬರಲ್ಲ ಸರ್, ಅಪ್ಪಾ. ಹೊಟ್ಟೆಪಾಡಿಗೆ ಬರೋದು' ಎಂದು ಸರೋಜಮ್ಮ ನಗುತ್ತಿದ್ದರು.

ಅಷ್ಟರಲ್ಲಿ ಈ ತಪಾಸಣೆಗೆಂದು ನಾನೇ ಬರೆದಿದ್ದ ಪ್ರೋಗ್ರಾಂ ಒಂದು ಹುಳುಕನ್ನು ಹಿಡಿಯಿತು. ಸರಕಿನ ಲಾರಿಗೆ ಇ-ವೇ ಬಿಲ್ ಎಂಬ ಸಾಗಣೆಯ ಚೀಟಿ ಇರುತ್ತದೆ, ಅದರಲ್ಲಿ ಲಾರಿಯ ನಂಬರು. ಅದೇ ಲಾರಿ ಟೋಲ್ ದಾಟಿದರೆ ಅಲ್ಲೂ ನಂಬರು ದಾಖಲಾಗುತ್ತದೆ. ಎರಡನ್ನೂ ಹೋಲಿಸಿ ನೋಡಿದರೆ, ಹೊಸೂರಿನಿಂದ ಬಂದವು ಎಂದು ತೋರಿಸಿದ್ದ ಎಷ್ಟೋ ಲಾರಿಗಳು ಅತ್ತಿಬೆಲೆ ಟೋಲ್ ದಾಟಿಯೇ ಇರಲಿಲ್ಲ. ಸುತ್ತು ಬಳಸಿ ಬರುವ ದಾರಿಗಳಲ್ಲೂ ಇರಲಿಲ್ಲ. ಸರಕು ಕದಲದೆ ಕಾಗದ ಮಾತ್ರ ಹೊಸೂರಿನಿಂದ ಇಲ್ಲಿಗೆ ಬಂದು, ಇಲ್ಲಿಂದ ಆಂಧ್ರಕ್ಕೆ ಹೋಗಿ, ದಾರಿಯುದ್ದಕ್ಕೂ ಯಾರಿಗೋ ತೆರಿಗೆ ಉಳಿಸಿತ್ತು. ನಾನು ಕುಣಿಯುವುದೊಂದು ಬಾಕಿ. ನಟರಾಜು ಬೆನ್ನು ತಟ್ಟಿದರು. ಸರೋಜಮ್ಮ ಮಾತ್ರ ಗಾಜಿನಾಚೆ ನೋಡುತ್ತಾ, ಸರಕು ಬಂತು ಎಂದು ಇಲ್ಲಿ ಸಹಿ ಹಾಕಿದವರು ಯಾರು ಎಂದು ಕೇಳಿದರು. ಸಹಿಯೆಲ್ಲ ಮುನಿರಾಜು ಅವರದು.

ಕಂಪನಿಗೆ ವಿವರಣೆ ಕೇಳಿ ಪತ್ರ ಕೊಟ್ಟ ಮೇಲೆ ಬೆಂಗಳೂರಿನಿಂದ ಅವರ ವಲಯದ ಮ್ಯಾನೇಜರ್ ಬಂದು ಎದುರಿನ ಕೋಣೆಯಲ್ಲಿ ಬೀಡುಬಿಟ್ಟ. ನಯವಾದ ಮನುಷ್ಯ, ನಮ್ಮ ಕಡೆ ನೋಡಿದಾಗಲೆಲ್ಲ ಕೈ ಮುಗಿಯುತ್ತಿದ್ದ. ಅವನು ಮುನಿರಾಜು ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ. ಗಾಜು ಇದೆಯಲ್ಲ ಎಂಬ ಧೈರ್ಯ. ಸರೋಜಮ್ಮ ಪೆನ್ನು ಕೆಳಗಿಟ್ಟು ನೋಡುತ್ತಾ ಕೂತರು. ಆಮೇಲೆ ನನಗೆ ಮೆಲ್ಲಗೆ ಹೇಳಿದರು.

'ಎಲ್ಲಾ ನಾನೇ ಮಾಡ್ದೆ ಅಂತ ಬರ್ಕೊಡು ಅಂತಿದಾನೆ. ಸಂಸಾರ ನಾವು ನೋಡ್ಕೊತೀವಿ ಅಂತಿದಾನೆ.'

'ಅವ್ರೇನಂದ್ರು?'

'ಅವ್ನು ಬಾಯೇ ಬಿಡ್ತಿಲ್ಲ.'

ಮಾರನೆಯ ದಿನ ಮುನಿರಾಜು ಮ್ಯಾನೇಜರನಿಗೆ ಬೆನ್ನು ಮಾಡಿ, ನಮ್ಮ ಕಡೆಯ ಕಪಾಟಿನಲ್ಲಿ ಏನೋ ಹುಡುಕುವ ಹಾಗೆ ನಿಂತುಕೊಂಡು, ಸರೋಜಮ್ಮನ ಕಡೆ ತುಟಿ ಆಡಿಸಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಒಬ್ಬ ಮನುಷ್ಯ ಜೀವ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದಾನೆ, ಅವನ ಯಜಮಾನ ಹಿಂದೆಯೇ ಕೂತು ಫೋನು ನೋಡುತ್ತಿದ್ದಾನೆ, ಎಲ್ಲೂ ಒಂದು ಸದ್ದಿಲ್ಲ. ಆಮೇಲೆ ಸರೋಜಮ್ಮ ನನಗೆ ಬಿಡಿಸಿ ಹೇಳಿದರು. ಸರಕು ಬರಲೇ ಇಲ್ಲ, ಬಂತು ಎಂದು ಸಹಿ ಹಾಕಲು ಮೇಲಿನಿಂದ ಫೋನು ಬರುತ್ತಿತ್ತು, ನನ್ನನ್ನು ಒಬ್ಬನನ್ನೇ ಕರೆದು ಕೇಳಿ, ಎಲ್ಲ ಹೇಳುತ್ತೇನೆ. ಮುನಿರಾಜು ಇಷ್ಟು ಹೇಳಿದ್ದರು.

ಇದನ್ನು ಕಡತದಲ್ಲಿ ಬರೆಯುವಂತಿಲ್ಲ. ಜಂಟಿ ಆಯುಕ್ತರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. 'ಗಾಜಿನಾಚೆ ಬಾಯಿ ನೋಡಿ ತಿಳ್ಕೊಂಡೆ ಅಂತ ಕೋರ್ಟಲ್ಲಿ ಹೇಳ್ತೀಯೇನಯ್ಯಾ?' ಎಂದರು. ಆದರೂ ಮನುಷ್ಯ ಒಳ್ಳೆಯವರು. ಲಾರಿಯ ಲೆಕ್ಕದ ಆಧಾರದ ಮೇಲೆ ಮುನಿರಾಜುಗೆ ಸಮನ್ಸ್ ಕೊಡಲು ಒಪ್ಪಿದರು. ಮುನಿರಾಜು ನಮ್ಮ ಕಚೇರಿಗೆ ಒಬ್ಬರೇ ಬಂದು ಹೇಳಿಕೆ ಕೊಟ್ಟರೆ ಅದು ಕಾನೂನಿನ ಮಾತಾಗುತ್ತದೆ, ಸಹಿಯ ಭಾರ ಹಾಕಿಸಿದವರ ಹೆಗಲಿಗೂ ಏರುತ್ತದೆ.

ಅನುಮತಿ ಕೈಗೆ ಬಂದದ್ದು ಗುರುವಾರ ಸಂಜೆ ಹೊತ್ತಿಗೆ. ಮ್ಯಾನೇಜರ್ ಮುನಿರಾಜು ಪಕ್ಕದಲ್ಲೇ ಇದ್ದ. ಅವನ ಎದುರಿಗೆ ಕೊಟ್ಟರೆ ಮುನಿರಾಜುಗೇ ಅಪಾಯ, ಶುಕ್ರವಾರ ಅವನು ಬೆಂಗಳೂರಿನ ಆಫೀಸಿಗೆ ಹೋಗುತ್ತಾನೆ, ಬೆಳಿಗ್ಗೆ ಬಂದು ಕೊಡೋಣ ಎಂದರು ಸರೋಜಮ್ಮ. ಸರಿಯೆನಿಸಿತು. ಮುನಿರಾಜು ಫೋನು ಕಂಪನಿಯದು, ಅದಕ್ಕೆ ಕರೆ ಮಾಡುವುದೂ ಬೇಡ ಎಂದು ತೀರ್ಮಾನವಾಯಿತು. ಚೀಲ ಕಟ್ಟಿ ಎದ್ದೆವು. ಬಾಗಿಲ ಬಳಿ ಸರೋಜಮ್ಮ ಒಂದು ಗಳಿಗೆ ನಿಂತರು. ಗಾಜಿನಾಚೆ ಮುನಿರಾಜು ನೀರಿನ ಲೋಟವನ್ನು ಬಾಯಿಗೆ ಅಡ್ಡ ಹಿಡಿದವರು ಅದನ್ನು ಸ್ವಲ್ಪ ಸರಿಸಿ ಏನೋ ಅಂದರು. ಚಿಕ್ಕದೊಂದು ಮಾತು. ಸರೋಜಮ್ಮ ತಲೆ ಆಡಿಸಿದರು.

ಜೀಪಿನಲ್ಲಿ ಕೂತು ಏನಂದರು ಎಂದು ಕೇಳುತ್ತಿದ್ದೇನೆ, ಅಷ್ಟರಲ್ಲಿ ಮೂವರ ಮೊಬೈಲೂ ಒಟ್ಟಿಗೆ ಸದ್ದು ಮಾಡಿದವು. ಚುನಾವಣೆ ಕೆಲಸದ ಆದೇಶ. ಬೆಳಿಗ್ಗೆ ಮತಗಟ್ಟೆ ತರಬೇತಿ, ನನಗೆ ದೇವನಹಳ್ಳಿ, ಸರೋಜಮ್ಮನಿಗೆ ದೊಡ್ಡಬಳ್ಳಾಪುರ, ನಟರಾಜುಗೆ ನೆಲಮಂಗಲ. ಗೈರುಹಾಜರಾದರೆ ಅಮಾನತು. ನನಗೆ ಸಿಟ್ಟು ಬಂತು. ತರಬೇತಿ ಮನೆ ಹಾಳಾಗಲಿ, ನಾನು ಇಲ್ಲಿಗೇ ಬರುತ್ತೇನೆ ಎಂದೆ.

'ಸರ್, ನಿಮ್ದಿನ್ನೂ ಪ್ರೊಬೇಷನ್ನು' ಎಂದರು ನಟರಾಜು. 'ಚುನಾವಣೆ ಟೈಮಲ್ಲಿ ಡಿಸಿ ಹತ್ರ ಆಟ ಬೇಡ. ಕೆಲ್ಸ ಹೋದ್ರೆ ಮತ್ತೆ ಅದೇ ಲೈಬ್ರರಿ, ಅದೇ ಬೆಂಚು.'

ಸೋಮವಾರಕ್ಕೆ ಏನೂ ಆಗುವುದಿಲ್ಲ, ಶನಿವಾರ ಭಾನುವಾರ ಹೇಗೂ ರಜೆ ಎಂದು ಅವರೇ ಸಮಾಧಾನ ಹೇಳಿದರು. ನಾನು ಸರೋಜಮ್ಮನ ಕಡೆ ತಿರುಗಿ, ಮುನಿರಾಜು ಏನಂದರು ಎಂದು ಮತ್ತೆ ಕೇಳಿದೆ. ಅವರು ಮೊಬೈಲಿನಲ್ಲಿದ್ದ ಆದೇಶವನ್ನು ನೋಡುತ್ತಿದ್ದರು. ಆಮೇಲೆ ಕಿಟಕಿಯ ಆಚೆ ನೋಡಿದರು.

'ಹೋಗ್ಬನ್ನಿ ಅಂದ. ಅಷ್ಟೇ.'

ಶುಕ್ರವಾರ ದೇವನಹಳ್ಳಿಯ ಕಾಲೇಜಿನಲ್ಲಿ ಮತಯಂತ್ರದ ಗುಂಡಿ ಒತ್ತುವುದನ್ನು ಕಲಿತೆ. ಬೇಗ ಕಲಿತೆ, ಪಕ್ಕದವರಿಗೂ ಹೇಳಿಕೊಟ್ಟೆ.

ಸೋಮವಾರ ಹೋದಾಗ ಗಾಜಿನಾಚೆ ಬೇರೆ ಯಾರೋ ಕೂತಿದ್ದರು. ಮುನಿರಾಜುಗೆ ಹೊಸೂರಿಗೆ ವರ್ಗ ಎಂದರು. ಹೊಸೂರು ಅಲ್ಲಿಂದ ಬಹಳ ದೂರವೇನಲ್ಲ, ಬೈಕಿನಲ್ಲಿ ಹೋಗಿ ಬರಬಹುದು. ಆದರೆ ನನ್ನ ಸಮನ್ಸಿನಲ್ಲಿ ಇದ್ದದ್ದು ಇಲ್ಲಿಯ ಗೋದಾಮಿನ ವಿಳಾಸ, ಈಗ ಅವರು ಕಾನೂನಿನ ಲೆಕ್ಕದಲ್ಲಿ ತಮಿಳುನಾಡಿನ ಆ ಇನ್ನೊಬ್ಬ ವ್ಯಕ್ತಿಯ ನೌಕರ. ಹೊಸೂರಿನ ಗೋದಾಮಿಗೆ ಫೋನು ಮಾಡಿದೆ. ಇನ್ನೂ ಬಂದು ಸೇರಿಲ್ಲ ಎಂದರು. ಅವರ ಮೊಬೈಲು ಬಂದ್ ಆಗಿತ್ತು.

ಹೊರಗೆ ಬಂದಾಗ ಗೇಟಿನ ಸೆಕ್ಯುರಿಟಿ ತಾನಾಗಿಯೇ ಹತ್ತಿರ ಬಂದರು, ವಯಸ್ಸಾದವರು. ಗುರುವಾರ ರಾತ್ರಿಯೇ ಮುನಿರಾಜು ಕೈಗೆ ವರ್ಗದ ಕಾಗದ ಕೊಟ್ಟರಂತೆ. ಶುಕ್ರವಾರ ಬೆಳಿಗ್ಗೆ ಅವರು ಒಳಗೆ ಬರುವಂತಿರಲಿಲ್ಲ.

'ಆದ್ರೂ ಬಂದಿದ್ರು ಸರ್. ಈ ಮರದ ಕೆಳ್ಗೇ ನಿಂತಿದ್ರು, ಹೆಲ್ಮೆಟ್ ಕೈಲಿ ಹಿಡ್ಕೊಂಡು. ಹೋಗಣ್ಣಾ ಬಿಸ್ಲು ಅಂದೆ. ಆಡಿಟ್‌ನೋರು ಬರ್ತಾರೆ ಅಂದ್ರು. ಮಧ್ಯಾಹ್ನ ಊಟದ ಹೊತ್ಗೂ ಇದ್ರು. ಆಮೇಲೆ ನಾನ್ ನೋಡ್ದಾಗ ಇರ್ಲಿಲ್ಲ.'

ಸರೋಜಮ್ಮ ಕೈಯಲ್ಲಿದ್ದ ನೀರಿನ ಕ್ಯಾನನ್ನು ಕೆಳಗಿಟ್ಟು ಮರದ ಬುಡದಲ್ಲಿ ಕೂತುಬಿಟ್ಟರು. ಬಿಸಿಲಿಗೆ ತಲೆ ಸುತ್ತಿತು ಎಂದರು. ನಾನು ನಂಬಿದೆ.

ಮುನಿರಾಜು ಹೊಸೂರು ತಲುಪಲೇ ಇಲ್ಲ. ಅವರ ಹೆಂಡತಿ ಲಕ್ಷ್ಮಮ್ಮ ಬೂದಿಗೆರೆಯಿಂದ ಬಸ್ಸು ಹಿಡಿದು ಗೋದಾಮಿಗೆ ಬಂದರು, ಅಲ್ಲಿಂದ ನಮ್ಮ ಕಚೇರಿಗೂ ಬಂದರು. ನಮ್ಮೆಜಮಾನ್ರು ಓಡೋಗೋ ಜಾತಿ ಅಲ್ಲ ಸರ್ ಎಂದು ಪ್ರತಿ ಸಲವೂ ಮೊದಲು ಅದನ್ನೇ ಹೇಳುತ್ತಿದ್ದರು, ಯಾರೋ ಆಗಲೇ ಹಾಗೆ ಅಂದುಬಿಟ್ಟಿದ್ದಾರೆ ಎನ್ನುವ ಹಾಗೆ. ಪೊಲೀಸರ ಹತ್ತಿರ ನಾನೂ ಹೋದೆ. ಇಲ್ಲಿಯವರು, ಹೊಸೂರಿಗೆಂದು ಹೊರಟವರು ಅಲ್ಲೇ ಎಲ್ಲೋ ಇರಬೇಕು ಎಂದರು. ಅಲ್ಲಿಯವರು, ನಮ್ಮ ಗಡಿಗೆ ಬಂದದ್ದಕ್ಕೆ ಏನು ಗುರುತಿದೆ ಎಂದರು. ನಾನು ನನ್ನ ಪ್ರೋಗ್ರಾಂ ತೆರೆದು ಮುನಿರಾಜು ಅವರ ಬೈಕಿನ ನಂಬರು ಹಾಕಿ ಕೂತೆ. ಎಲ್ಲೂ ಸಿಗಲಿಲ್ಲ. ಬೈಕಿಗೆ ಟೋಲ್ ಇಲ್ಲ. ಅದು ನನಗೆ ಗೊತ್ತಿದ್ದ ಸಂಗತಿಯೇ, ಆದರೂ ಮತ್ತೆ ಮತ್ತೆ ಹಾಕಿದೆ. ಹೊಸೂರಿನಿಂದ ಹೊರಟು ಇಲ್ಲಿಗೆ ಬಾರದ ಸರಕನ್ನು ಹುಡುಕುವುದಕ್ಕೆ ಬರೆದ ಪ್ರೋಗ್ರಾಂ ಅದು. ಇಲ್ಲಿಂದ ಹೊರಟು ಅಲ್ಲಿಗೆ ಸೇರದ ಮನುಷ್ಯನನ್ನು ಅದು ಹುಡುಕುವುದಿಲ್ಲ.

ಎಲ್ಲ ಉಸ್ತುವಾರಿಯವನೇ ಮಾಡಿದ್ದು, ಸಿಕ್ಕಿಬೀಳುವ ಭಯಕ್ಕೆ ತಲೆಮರೆಸಿಕೊಂಡಿದ್ದಾನೆ ಎಂದು ಕಂಪನಿ ಉತ್ತರ ಬರೆಯಿತು. ತೆರಿಗೆಯನ್ನು ದಂಡದ ಸಮೇತ ಕಟ್ಟಿತು. ಆ ಮಾತಿಗೆ ಆಧಾರವಿಲ್ಲ ಎಂದು ನಾನು ನನ್ನ ವರದಿಯಲ್ಲಿ ಬರೆದೆ. ವರದಿ ಸ್ವೀಕಾರವಾಯಿತು, ತಪಾಸಣೆ ಮುಗಿಯಿತು. ಒಳ್ಳೆಯ ಕೆಲಸ ಎಂದು ನನಗೊಂದು ಪ್ರಶಂಸೆಯ ಪತ್ರವೂ ಬಂತು. ಪ್ರೊಬೇಷನ್ ಮುಗಿಯಿತು. ಸರೋಜಮ್ಮ ನಿವೃತ್ತರಾದರು, ಬೀಳ್ಕೊಡುಗೆಯಲ್ಲಿ ಮಾತಾಡಲು ಒಪ್ಪಲಿಲ್ಲ.

ಬಾಯಿ ಓದುವುದನ್ನು ಮಾತ್ರ ನಾನು ಬಿಡಲಿಲ್ಲ. ಮೊದಲು ಅದು ಆಸೆಗೆ ಶುರುವಾದದ್ದು, ಆಮೇಲೆ ಬೇರೆ ಏನೋ ಆಯಿತು. ಬಸ್ಸಿನ ಕಿಟಕಿಯಾಚೆ, ಹೋಟೆಲಿನ ಗಾಜಿನಾಚೆ ಯಾರ ತುಟಿ ಆಡಿದರೂ ಕಣ್ಣು ಅಲ್ಲೇ ನೆಡುತ್ತದೆ. ಎಲ್ಲರೂ ನನ್ನ ಹತ್ತಿರವೇ ಏನೋ ಕೇಳುತ್ತಿದ್ದಾರೆ ಅನ್ನಿಸುತ್ತದೆ. ಆ ಗುರುವಾರದ ತುಟಿಗಳು ಹಾಗೇ ನೆನಪಿದ್ದವು, ಅರ್ಥ ಮಾತ್ರ ಆಗಿರಲಿಲ್ಲ. ಹೋಗಿ ಬನ್ನಿ ಎನ್ನುವಾಗ ಬಾಯಿ ಮೊದಲು ದುಂಡಗಾಗಬೇಕು. ಅವರ ಬಾಯಿ ದುಂಡಗಾಗಿರಲಿಲ್ಲ.

ಹೋದ ವಾರ ಆ ಮರ ದಾಟಿ ಮುಂದೆ ಹೋದವನು ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋದೆ. ಸರೋಜಮ್ಮ ತಮ್ಮನ ಮಗ್ಗದ ಮನೆಯಲ್ಲಿದ್ದರು. ಬಾಗಿಲು ದಾಟುತ್ತಿದ್ದ ಹಾಗೆ ಸದ್ದು ಎದೆಗೆ ಬಡಿಯಿತು. ನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿದ್ದವು, ಲಾಳಿ ಅತ್ತಿಂದಿತ್ತ ಹೊಡೆಯುತ್ತಿತ್ತು, ನೇರಳೆ ಬಣ್ಣದ ಸೀರೆ ಬೆರಳಷ್ಟು ಬೆರಳಷ್ಟು ಬೆಳೆಯುತ್ತಿತ್ತು. ಅವರು ನನ್ನನ್ನು ಕಂಡು ನಕ್ಕರು. ಸ್ವಲ್ಪ ಇಳಿದುಹೋಗಿದ್ದರು. ಮಗ್ಗ ನಿಲ್ಲಿಸುತ್ತೇನೆ ಎಂದು ಸನ್ನೆ ಮಾಡಿದರು. ಬೇಡ ಎಂದೆ. ಕೈ ಬೀಸಿದೆ, ಅವರು ಹೇಳಿಕೊಟ್ಟ ಹಾಗೆ. ತುಟಿ ಬಿಡಿಸಿ ಕೇಳಿದೆ, ಅವತ್ತು ಮುನಿರಾಜು ಏನಂದರು.

ಅವರು ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದರು, ಧ್ವನಿಯಿಲ್ಲದೆ, ನನಗೋಸ್ಕರ ನಿಧಾನವಾಗಿ. ನಾನು ಒಂದಕ್ಷರವೂ ಬಿಡದೆ ಓದಿದೆ.

'ನಾಳೆ ಬರ್ತೀರಾ ಅಂದ. ಬರ್ತೀವಿ ಅಂತ ತಲೆ ಆಡ್ಸ್ದೆ.'

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

'ಹೇಳಿದ್ರೆ ನೀವು ತರಬೇತಿ ಬಿಟ್ಟು ಹೋಗ್ಬಿಡ್ತಿದ್ರಪ್ಪಾ.'

ಅಷ್ಟು ಹೇಳಿ ಮುಖವನ್ನು ಮಗ್ಗದ ಕಡೆ ತಿರುಗಿಸಿದರು. ನಾನು ಕೈ ಬೀಸಿದೆ. ಅವರು ಲಾಳಿಯನ್ನೇ ನೋಡುತ್ತಿದ್ದರು. ನಾನು ಮತ್ತೆ ಕೈ ಬೀಸಿದೆ.